ಡಬ್ಬಿಯೊಳಗಿನ ಡಬ್ಬಿ ಮತ್ತು ಕೆಂಪು ಕಾರು

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ನಗುವ ವಿಷಯಕ್ಕೆ ಯಾವತ್ತೂ ಬರಗಾಲವಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಒಂದಲ್ಲ ಒಂದು ಕಥೆ ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ನಾನು ಸವಳಂಗದ ಹತ್ತಿರದ ಹಳ್ಳಿಯವನು, ಅಂಗಡಿ ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನಲ್ಲಿ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಕೂರಿಸಿ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಒಳಗಿನದಕ್ಕೇ ಬರೆದುಕೊಡುವ ವಿದ್ಯೆ ಬರುವುದು ಒಬ್ಬನಿಗೆ ಮಾತ್ರ. ಆ ಒಬ್ಬ ಯಾರೆಂದು ಕೇಳಬೇಡಿ, ನನಗೆ ನಾಚಿಕೆಯಾಗುತ್ತದೆ. ಆ ವಿದ್ಯೆ ಹಿಡಿದುಕೊಂಡು ಹೋಗಿ ಹೊನ್ನಾಳಿಯ ಒಂದೇ ಮನೆಯಲ್ಲಿ ನಾನು ಪಟ್ಟ ಪಾಡನ್ನು ಇಲ್ಲಿ ಬರೆದಿದ್ದೇನೆ. ಎಲ್ಲ ನಿಜ. ನನ್ನ ತಪ್ಪುಗಳನ್ನು ಮಾತ್ರ ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ.

೧. ಒಂದು ಮನೆ, ಎರಡು ಒಲೆ

ಹೊನ್ನಾಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಅಣ್ಣಾರೊಬ್ಬರಿದ್ದಾರೆ. ಸುತ್ತಮುತ್ತಲ ಲಗ್ನಗಳ ಆಲ್ಬಮ್ಮು, ವಿಡಿಯೋ ಎಲ್ಲ ಅವರದೇ ಕೈಯಲ್ಲಿ. ಮಗಳು ಬಿ.ಕಾಂ. ಓದುತ್ತಾಳೆ. ಕಂಪ್ಯೂಟರಿನ ಕಾರ್ ರೇಸಿನಲ್ಲಿ ಅವಳನ್ನು ಹಿಡಿಯುವವರು ಆ ಕಾಲೇಜಿನಲ್ಲೇ ಇಲ್ಲ. ಆದರೆ ಮನೆಗಿದ್ದದ್ದು ಒಂದೇ ದೊಡ್ಡ ಕಂಪ್ಯೂಟರ್. ಅವಳು ಆಡಲು ಕೂತರೆ ಅಪ್ಪನ ಕೆಲಸ ನಿಲ್ಲುತ್ತದೆ, ಅಪ್ಪ ಕೂತರೆ ಅವಳ ಕಾರು ನಿಲ್ಲುತ್ತದೆ. ದಿನಾ ಜಗಳ.

"ಇನ್ನೊಂದು ತಗೊಳ್ರಿ ಅಣ್ಣಾರೇ" ಅಂದೆ.

"ಕ್ಯಾಮೆರಾ ಇಡಾಕೇ ಜಾಗ ಇಲ್ಲ, ಇನ್ನೊಂದು ಡಬ್ಬಿ ನಿನ್ನ ತಲೆ ಮ್ಯಾಲೆ ಇಡ್ಲೇನು?"

ನನಗೆ ಬೇಕಾಗಿದ್ದೂ ಇದೇ ಮಾತು. "ಹಂಗಾದ್ರೆ ಒಂದೇ ಮನ್ಯಾಗೆ ಎರಡು ಒಲೆ ಹಾಕ್ತೀನಿ. ಮುಂದಿನ ಕೋಣೆ ನಿಮ್ದು. ಹಿಂದಿನ ಕೋಣೆ ಇವಳ್ದು, ಅದಕ್ಕೆ ವರ್ಚುವಲ್ ಮಷೀನ್ ಅಂತಾರೆ. ಹೊಸ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಇವಳ ಪಾಲಿಗೆ ಬಿಟ್ಟುಕೊಡ್ತೀನಿ. ಇಬ್ರೂ ಒಟ್ಟಿಗೇ ಕೂರ್ಬಹುದು. ನಾಲ್ಕು ತಾಲ್ಲೂಕಿನಾಗೆ ಇದನ್ನ ಮಾಡೋನು..."

"ಗೊತ್ತಪ್ಪ, ನೀನೊಬ್ಬನೇ. ಮಾಡು."

ಎರಡು ಸ್ಕ್ರೀನು, ಎರಡು ಕೀಬೋರ್ಡು, ಒಂದು ಡಬ್ಬಿ. ಮಗಳು ಕೂತು ರೇಸ್ ಶುರು ಮಾಡಿದಳು. ನೆಟ್ಟಗಿನ ದಾರಿಯಲ್ಲಿ ಕೆಂಪು ಕಾರು ಬಾಣದ ಹಾಗೆ ಹೋಯಿತು. ತಿರುವು ಬಂತು. ಕಾರು ಗಾಳಿಯಲ್ಲಿ ಗಕ್ಕನೆ ನಿಂತಿತು. ಎರಡು ಸೆಕೆಂಡ್ ಬಿಟ್ಟು ನೋಡಿದರೆ ಕೆರೆಯಲ್ಲಿತ್ತು.

"ಅಣ್ಣಾ, ನಾನು ಬ್ರೇಕ್ ಹಾಕೋದು ರೋಡಿನಾಗೆ, ಅದು ಹಿಡಿಯೋದು ನೀರಿನಾಗೆ!"

ಇದಕ್ಕೇ ಲ್ಯಾಗ್ ಅನ್ನುವುದು. ನಾನು ಗಂಭೀರವಾಗಿ ಅಪ್ಪನನ್ನು ಕೇಳಿದೆ: "ಇವಳು ಆಡೋ ಹೊತ್ತಿಗೆ ನೀವು ಆ ಕಡೆ ಏನಾದ್ರೂ ಕೆಲ್ಸ ಮಾಡ್ತೀರೇನು?"

"ಇಲ್ಲಪ್ಪ. ಇವಳು ಕೂತ್ಲು ಅಂದ್ರೆ ನಾನು ಎದ್ದು ಟೀ ಕುಡಿಯಾಕೆ ಹೋಗ್ತೀನಿ."

ನಂಬಿದೆ. ಅಲ್ಲೇ ಅಣ್ಣಾರು ಇನ್ನೊಂದು ಬಾಂಬ್ ಹಾಕಿದರು. ಮೂರು ವಾರ ಬಿಟ್ಟು ಒಂದು ಭಾನುವಾರ ಕಾಲೇಜು ಹುಡುಗ ಹುಡುಗಿಯರ ಆನ್‌ಲೈನ್ ರೇಸ್ ಇತ್ತು. ಮೊದಲ ಮೂವರು ರಾಜ್ಯದ ತಂಡಕ್ಕೆ. "ಮೂರರೊಳಗೆ ಬಂದ್ರೆ ಸರಿ. ಇಲ್ಲಾಂದ್ರೆ ಆ ಕಾರ್ಡ್ ಕಿತ್ತು ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಆಮ್ಯಾಲೆ ಇವಳು ಅಂಗಡ್ಯಾಗೆ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸ್ಲಿ."

ಹುಡುಗಿಯ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. ಎದೆ ಮೇಲೆ ಕೈಯಿಟ್ಟು ಹೇಳಿದೆ: "ತಂಗೀ, ಒಂದು ವಾರದಾಗೆ ಈ ಲ್ಯಾಗ್ ಓಡಿಸ್ಲಿಲ್ಲ ಅಂದ್ರೆ ನನ್ನ ಹೆಸರೇ ಬದಲಾಯಿಸ್ಕೊಂತೀನಿ."

ಒಂದು ವಾರವಾಯಿತು. ಕಾರು ಕೆರೆಯಲ್ಲೇ ಇತ್ತು. ಹುಡುಗಿ ಫೋನ್ ಮಾಡಿ ಬಹಳ ಮರ್ಯಾದೆಯಿಂದ ಕೇಳಿದಳು: "ಅಣ್ಣಾ, ನಿಮ್ಮ ನಂಬರ್ ಈಗ ಯಾವ ಹೆಸರಿನಾಗೆ ಸೇವ್ ಮಾಡ್ಲಿ?"

೨. ಮೂರು ಬೆರಳಿನ ವಿಭೂತಿ

ಮಾರನೇ ದಿನವೇ ಬೈಕ್ ಹತ್ತಿದೆ. ಕಾರ್ಡ್ ಬಿಸಿಯಾಗಿ ಸುಸ್ತಾಗುತ್ತಿರಬೇಕು ಎಂದು ನನ್ನ ಅನುಮಾನ. ಡಬ್ಬಿಯ ಪಕ್ಕದ ತಗಡು ತೆಗೆದೆ, ತೆಗೆದವನು ಹಾಗೇ ಕೈ ಮುಗಿದೆ.

ಒಳಗೆ ಪೂಜೆ ಆಗಿತ್ತು. ಗ್ರಾಫಿಕ್ಸ್ ಕಾರ್ಡಿನ ಎರಡೂ ಫ್ಯಾನಿನ ನಡುವೆ ಮೂರು ಬೆರಳಿನ ವಿಭೂತಿ ಪಟ್ಟೆ, ಅದರ ಮೇಲೆ ಕುಂಕುಮ. ತಂತಿಗಳಿಗೆ ಸಿಕ್ಕಿಸಿದ ಚೆಂಡು ಹೂವು ಒಣಗಿ, ದಳಗಳೆಲ್ಲ ಫ್ಯಾನಿಗೆ ಸುತ್ತಿಕೊಂಡಿದ್ದವು. ತಳದಲ್ಲಿ ಒಂದು ನಿಂಬೆಹಣ್ಣು. ಅಷ್ಟೂ ದಿನ ಬಿಸಿಗಾಳಿ ಕುಡಿದು ಅದು ಉಪ್ಪಿನಕಾಯಿಗೆ ತಯಾರಾಗಿತ್ತು.

"ಇದನ್ನ ಯಾರು ತೆಗೆದಿದ್ರು?"

ಅಣ್ಣಾರ ತಾಯಿ ಅಡುಗೆಮನೆಯಿಂದ ಹೊರಗೆ ಬಂದರು. "ನಾನೇ ಕಣಪ್ಪ, ಮೊಮ್ಮಗಳ ಕೈಲಿ ತೆಗೆಸ್ದೆ. ಹೊಸ ಸಾಮಾನು ಬಂದೈತೆ, ಪೂಜೆ ಮಾಡದೆ ಹೆಂಗೆ ಬಿಡಾಕಾಗ್ತೈತೆ? ಎಲ್ಲರೂ ಹೊರಗಿನ ಡಬ್ಬಿಗೆ ಹಚ್ತಾರೆ. ನೀನು ಒಳಗಿನದೇ ದೊಡ್ಡದು ಅಂತ ಹೇಳಿದ್ಯಲ್ಲ, ಅದಕ್ಕೆ ಒಳಗೇ ಹಚ್ಚಿದೆ."

ನನ್ನ ಮಾತನ್ನು ಆ ಮನೆಯಲ್ಲಿ ಪೂರ್ತಿ ನಂಬಿದ ಒಬ್ಬರೇ ಒಬ್ಬರು, ಅವರಿಗೆ ಏನೆಂದು ಬೈಯಲಿ? ಬ್ರಷ್ಷು ತೆಗೆದುಕೊಂಡು ಒಂದು ತಾಸು ಕೂತು ಎಲ್ಲ ಸ್ವಚ್ಛ ಮಾಡಿದೆ. ರೇಸ್ ಹಚ್ಚಿದರೆ ಕಾರು ಬೆಣ್ಣೆಯಂತೆ ಹೋಯಿತು. ಮೂರು ಸುತ್ತು, ಒಂದು ತೊಟ್ಟು ನೀರಿಲ್ಲ! ನಾನು ಬೀದಿಗೆ ಕೇಳುವಂತೆ "ನಾಲ್ಕು ತಾಲ್ಲೂಕಿನಾಗೆ..." ಎಂದು ಶುರು ಮಾಡಿ, ಎರಡು ಲೋಟ ಚಹಾ ಕುಡಿದು ಬಂದೆ.

ಮಾರನೇ ಸಂಜೆ ಫೋನ್. ಕಾರು ಮತ್ತೆ ಕೆರೆಯಲ್ಲಿ. ಹಿಂದಿನಿಂದ ಅಜ್ಜಿಯ ದನಿ ಕೇಳಿಸುತ್ತಿತ್ತು: "ವಿಭೂತಿ ಒರೆಸ್ಬ್ಯಾಡ ಅಂತ ಅವನಿಗೆ ಯಾರಾದ್ರೂ ಹೇಳ್ಬಾರ್ದಿತ್ತಾ?"

೩. ಲ್ಯಾಗಿನ ವಿಡಿಯೋ

ಪ್ರತಿ ಸಲ ಹೊನ್ನಾಳಿಗೆ ಓಡಲು ಆಗುತ್ತದೆಯೇ? ಅಣ್ಣಾರಿಗೆ ಹೇಳಿದೆ: "ಲ್ಯಾಗ್ ಆದಾಗ ಮೊಬೈಲಿನಾಗೆ ಸ್ಕ್ರೀನ್ ವಿಡಿಯೋ ಹಿಡಿದು ಕಳಿಸ್ರಿ. ಎಲ್ಲಿ ನಿಲ್ತೈತೆ, ಎಷ್ಟು ಹೊತ್ತು ನಿಲ್ತೈತೆ, ನಾನು ಲೆಕ್ಕ ಹಾಕ್ತೀನಿ."

"ಮೊಬೈಲಾ? ಇಪ್ಪತ್ತು ವರ್ಷದಿಂದ ಕ್ಯಾಮೆರಾ ಹಿಡಿದೋನಿಗೆ ಮೊಬೈಲಿನಾಗೆ ಹಿಡಿ ಅಂತೀಯೇನೋ?"

ಎರಡು ದಿನವಾದರೂ ವಿಡಿಯೋ ಬರಲಿಲ್ಲ. ಮೂರನೇ ದಿನ ಬಂತು. ಮೊದಲು ಗುಲಾಬಿ ಹೂವಿನ ಚೌಕಟ್ಟು. ಅದರೊಳಗೆ ಮಗಳ ಹೆಸರು, ಬಂಗಾರದ ಅಕ್ಷರದಲ್ಲಿ. ಆಮೇಲೆ ಶಹನಾಯಿ. ಕೀಬೋರ್ಡಿನ ಮೇಲೆ ಬೆರಳು, ಬೆರಳಿನ ಉಂಗುರ, ಉಂಗುರದಿಂದ ಸ್ಕ್ರೀನಿಗೆ ಕ್ಯಾಮೆರಾ ನಿಧಾನವಾಗಿ ಏರಿತು. ಕೊನೆಗೆ ಕಾರು ಬಂತು. ತಿರುವಿನಲ್ಲಿ ನಿಂತಿತು. ಮತ್ತೆ ಹೊರಟಿತು. ಮತ್ತೆ ನಿಂತಿತು, ಈ ಸಲ ಎರಡೂ ಕಡೆಯಿಂದ ಹೂವಿನ ಎಸಳು ಉದುರಿದವು.

ಹತ್ತು ಸಲ ನೋಡಿದೆ. ಕಣ್ಣು ಉರಿಯಿತು. ಫೋನ್ ಮಾಡಿದೆ.

"ಅಣ್ಣಾರೇ, ಇದರಾಗೆ ಲ್ಯಾಗ್ ಯಾವುದು, ನೀವು ಹಾಕಿದ ಸ್ಲೋ ಮೋಷನ್ ಯಾವುದು?"

ಆ ಕಡೆಯಿಂದ ಬೇಜಾರಿನ ದನಿ: "ಎರಡೂ ಸೇರಿದ ಜಾಗ ಗೊತ್ತಾಗ್ಬಾರ್ದು ಅಂತಾನೇ ಅಲ್ವೇನೋ ಎರಡು ದಿನ ಕೂತು ಎಡಿಟ್ ಮಾಡಿದ್ದು!"

೪. ನ್ಯಾಮತಿಯಲ್ಲಿ ಸೀಟು

ಇನ್ನು ಅಂಗಡಿಗೇ ತಂದು ನೋಡುವುದೆಂದು ತೀರ್ಮಾನಿಸಿದೆ. ಅಣ್ಣಾರು "ಮೂರು ದಿನ ಯಾವ ಲಗ್ನಾನೂ ಇಲ್ಲ, ಒಯ್ಯಿ" ಎಂದರು. ಬೈಕಿನಲ್ಲಿ ಕುಲುಕಾಟವೆಂದು ಬಸ್ ಹತ್ತಿದೆ. ಹೊನ್ನಾಳಿಯಿಂದಲೇ ರಶ್ಶು, ನ್ಯಾಮತಿಯಲ್ಲಂತೂ ಕಾಲಿಡಲು ಜಾಗವಿಲ್ಲ. ನಾನು ಬೆಡ್‌ಶೀಟಿನಲ್ಲಿ ಸುತ್ತಿದ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಪಕ್ಕದ ಸೀಟಿನ ಒಬ್ಬ ಅಮ್ಮ ಬಹಳ ಹೊತ್ತು ನೋಡಿದರು.

"ಏನಪ್ಪಾ ಅದು?"

"ಕಂಪ್ಯೂಟರ್ ಕಣಮ್ಮ. ಸಾದಾ ಅಲ್ಲ, ಇದರ ಹೊಟ್ಟ್ಯಾಗೆ ಇನ್ನೊಂದು ಐತೆ." ಬಸ್ಸಿನಲ್ಲಾದರೂ ಸರಿಯೇ, ಹೇಳದೆ ಹೇಗಿರಲಿ?

"ಹೊಟ್ಟ್ಯಾಗಾ? ಮತ್ತೆ ಒಳಗಿಂದು ಚೆನ್ನಾಗೈತಾ?"

"ಐತೆ. ಆಗಾಗ ಅಲ್ಲಾಡದೆ ನಿಂತುಬಿಡ್ತೈತೆ. ಅದನ್ನೇ ನೋಡಾಕೆ ಚನ್ನಗಿರಿಗೆ ಒಯ್ತಿದೀನಿ."

ಅಮ್ಮ ತಟ್ಟನೆ ಎದ್ದು ನಿಂತರು. "ಅಯ್ಯೋ, ಇಂಥದ್ದನ್ನ ನಿಲ್ಲಿಸ್ಕೊಂಡು ಬಂದೀಯಲ್ಲೋ! ಕೂರ್ಸು ಮೊದ್ಲು. ಡ್ರೈವರಣ್ಣಾ, ಹಂಪ್ಸಿನಾಗೆ ನೋಡ್ಕೊಂಡು ಹೋಗಪ್ಪಾ, ಇಲ್ಲಿ ಬಸುರಿ ಕಂಪ್ಯೂಟರ್ ಐತೆ!"

ಇಡೀ ಬಸ್ಸು ಹಿಂದೆ ತಿರುಗಿತು. ಡಬ್ಬಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾನೂ ಅಮ್ಮನೂ ಚನ್ನಗಿರಿಯವರೆಗೆ ಎರಡೂ ಕಡೆ ಕಾವಲು ನಿಂತೆವು.

ಅಂಗಡಿಯಲ್ಲಿ ಮೂರು ದಿನ ಓಡಿಸಿದೆ. ಮೆಮೊರಿ ನೋಡಿದೆ, ಡಿಸ್ಕ್ ನೋಡಿದೆ, ಡ್ರೈವರ್ ತೆಗೆದು ಹಾಕಿದೆ. ಲ್ಯಾಗ್ ಬೇಕೆಂದು ನಾನೇ ಬೇಡಿಕೊಂಡರೂ ಒಂದು ಸಲವೂ ಆಗಲಿಲ್ಲ. ಪಕ್ಕದ ಟೈಲರ್ ಅಂಗಡಿಯವರೆಲ್ಲ ಬಂದು ಆಡಿ ಹೋದರು. ಹೊನ್ನಾಳಿಗೆ ಫೋನ್ ಹಚ್ಚಿ "ನನ್ನ ಹತ್ರ ಬಂದ್ರೆ ಚೆನ್ನಾಗೈತ್ರಿ, ನಿಮ್ಮ ಮನ್ಯಾಗೇ ಏನೋ ತೊಂದ್ರೆ" ಎಂದು ಹೇಳಿಬಿಟ್ಟೆ.

ಫೋನ್ ಎತ್ತಿದ್ದು ಅಜ್ಜಿ. "ತವರುಮನೆ ಅಲ್ವೇನಪ್ಪ ಅದಕ್ಕೆ, ಅಲ್ಲಿ ಎಲ್ಲರೂ ಚೆನ್ನಾಗೇ ಇರ್ತಾರೆ."

೫. ಹೋಳಿಗೆಯ ಲೆಕ್ಕ

ಡಬ್ಬಿಯನ್ನು ಹೊನ್ನಾಳಿಗೆ ವಾಪಸ್ ತಂದಿಟ್ಟೆ, ಕಾರು ಮತ್ತೆ ಕೆರೆಗೆ ಬಿತ್ತು. ರೇಸಿಗೆ ಒಂದೇ ವಾರ ಉಳಿಯಿತು. ಹುಡುಗಿ ಮಾತು ಕಡಿಮೆ ಮಾಡಿದ್ದಳು. ಅಪ್ಪನ ಅಂಗಡಿಯಲ್ಲಿ ಯಾರಿಗೋ ಪಾಸ್‌ಪೋರ್ಟ್ ಫೋಟೋ ಕತ್ತರಿಸಿಕೊಡುತ್ತಿದ್ದಳು. ಈಗಲೇ ಅಭ್ಯಾಸ ಶುರು ಮಾಡಿದಳೇನೋ ಅನ್ನಿಸಿತು.

ಲ್ಯಾಗ್ ಆದ ದಿನಗಳಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆ ಇಡು ಎಂದು ಅವಳಿಗೆ ಹೇಳಿದ್ದೆ. ಅದರ ಮುಂದೆ ನಾನು ತಲೆ ಕೆರೆದುಕೊಂಡು ನಿಂತಿದ್ದಾಗ ಅಜ್ಜಿ ಬಂದರು.

"ನನ್ನ ಗೀಟಿನ ಮ್ಯಾಲೆಲ್ಲ ಯಾಕೆ ಚುಕ್ಕೆ ಇಟ್ಟೀರಿ?"

ನೋಡಿದರೆ ಹೌದು, ಪ್ರತಿ ಚುಕ್ಕೆಯ ಕೆಳಗೂ ಪೆನ್ಸಿಲಿನ ಒಂದು ಗೀಟು.

"ಇದೇನಜ್ಜಿ?"

"ಇವನು ಮನ್ಯಾಗೆ ಉಣ್ಣದ ದಿನ. ಲಗ್ನಕ್ಕೆ ಹೋಗಿ ಹೋಳಿಗೆ ಉಂಡು ಬಂದ್ರೆ ರೊಟ್ಟಿ ಮುಟ್ಟಲ್ಲ, ಅದಕ್ಕೆ ಗುರ್ತು ಹಾಕಿ ನಾಲ್ಕು ರೊಟ್ಟಿ ಕಮ್ಮಿ ಬಡೀತೀನಿ. ನೋಡು, ಇವನು ಹೋಳಿಗೆ ಉಂಡ ದಿನಾನೇ ನಿನ್ನ ಡಬ್ಬಿಗೆ ಅಜೀರ್ಣ ಆಗೈತೆ."

ಅಣ್ಣಾರನ್ನು ಕರೆದು ಕೂರಿಸಿದೆ.

"ಲಗ್ನ ಮುಗಿಸ್ಕೊಂಡು ಬಂದು ಏನ್ ಮಾಡ್ತೀರಿ?"

"ಏನೂ ಇಲ್ಲಪ್ಪ. ಹಿಡ್ಕೊಂಡು ಬಂದ ವಿಡಿಯೋ ಎಲ್ಲ ಒಳಗೆ ಹಾಕಿ, ಬಟನ್ ಒತ್ತಿ, ಟೀಗೆ ಹೋಗ್ತೀನಿ."

"ಒತ್ತಿದ ಮ್ಯಾಲೆ?"

"ಅದು ಅದರ ಪಾಡಿಗೆ ಮೂರು ತಾಸು ಕುದೀತೈತೆ, ಸಿನಿಮಾ ಆಗಿ ಬರ್ತೈತೆ. ನಾನೆಲ್ಲಿ ಕೆಲ್ಸ ಮಾಡಿದೆ? ನಾನು ಹೋಟೆಲ್ನಾಗೆ ಇದ್ದೆ."

ವಿಷಯ ಇಷ್ಟೇ. ಆ ಡಬ್ಬಿಯಲ್ಲಿ ಕೋರ್ ಅನ್ನುವ ಹನ್ನೆರಡು ಆಳುಗಳಿದ್ದಾರೆ. ಕಾರ್ಡನ್ನು ಮಗಳಿಗೆ ಬರೆದುಕೊಟ್ಟೆ, ಆಳುಗಳನ್ನು ಮಾತ್ರ ಹಂಚಿಕೊಡಲಿಲ್ಲ. ಅಪ್ಪ ಬಟನ್ ಒತ್ತಿದ ಕೂಡಲೇ ಹನ್ನೆರಡೂ ಆಳು ಅಪ್ಪನ ಹೊಲಕ್ಕೆ ಹೋಗುತ್ತಿದ್ದರು, ಮಗಳ ಕಾರಿಗೆ ಸ್ಟೀರಿಂಗ್ ಹಿಡಿಯುವವರಿಲ್ಲ. ತಪ್ಪು ನನ್ನದು. ಹಾಗೆ ಹೇಳಲು ಬಾಯಿ ಬರಲಿಲ್ಲ, "ಟೆಕ್ನಿಕಲ್ ಪ್ರಾಬ್ಲಂ" ಅಂದೆ.

"ಎಂಟು ಆಳು ಇವಳಿಗೆ, ನಾಲ್ಕು ನಿಮಗೆ" ಎಂದು ತೀರ್ಪು ಕೊಟ್ಟೆ.

"ಲಗ್ನಸರದಾಗೆ ಆಳು ಬಿಟ್ಟುಕೊಡು ಅಂತೀಯಲ್ಲೋ! ಹತ್ತು ನಂಗೆ, ಎರಡು ಅವಳಿಗೆ."

"ಅಪ್ಪಾ, ನಿಮಗೆ ವರ್ಷವಿಡೀ ಲಗ್ನ ಬರ್ತಾವೆ. ನಂಗೆ ಇರೋದು ಒಂದೇ ಭಾನುವಾರ" ಅಂದಳು ಹುಡುಗಿ.

ಅಣ್ಣಾರು ಕೈಯಲ್ಲಿದ್ದ ಲೆನ್ಸ್ ಒರೆಸಿ ಕೆಳಗಿಟ್ಟರು. ಆಮೇಲೆ "ಆರು ಆರು" ಅಂದರು. ಹಾಗೇ ಹಂಚಿದೆ. ಒಂದು ಕಡೆ ಲಗ್ನದ ವಿಡಿಯೋ ಕುದಿಯುತ್ತಿದ್ದರೂ ಇನ್ನೊಂದು ಕಡೆ ಕಾರು ಕೆರೆ ದಾಟಿ ಹೋಯಿತು. ಹುಡುಗಿ ಕುಣಿದಳು. ಅಷ್ಟರಲ್ಲಿ ಅಣ್ಣಾರು ಕ್ಯಾಲೆಂಡರ್ ನೋಡಿ ಹಣೆ ಹಿಡಿದುಕೊಂಡರು. ಅದೇ ಭಾನುವಾರ ಜಗಳೂರಿನಲ್ಲಿ ದೊಡ್ಡ ಲಗ್ನ. ಛತ್ರದ ದೊಡ್ಡ ಪರದೆಗೆ ಲೈವ್ ಕೊಡಬೇಕು, ಅದಕ್ಕೆ ಇದೇ ಡಬ್ಬಿ ಬೇಕು.

"ಹಂಗಾದ್ರೆ ಇವಳೂ ಜಗಳೂರಿಗೆ ಬಂದು ಅಲ್ಲೇ ಆಡ್ಲಿ. ಛತ್ರದಾಗೆ ಇಂಟರ್‌ನೆಟ್ ಐತೆ, ಒಂದು ಕೋಣೆ ಸಾಕು. ನಾನಿದೀನಿ" ಅಂದೆ.

ಅಪ್ಪ ಮಗಳು ಇಬ್ಬರೂ ನನ್ನ ಮುಖ ನೋಡಿದರು. ಅಜ್ಜಿ ಆಗಲೇ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಕೊಡವುತ್ತಿದ್ದರು: "ಕಾರ್ ರೇಸಿಗೆ ಯಾವ ಬಣ್ಣ ಉಡ್ತಾರಪ್ಪ?"

೬. ಜಗಳೂರಿನ ಮುಹೂರ್ತ

ನಮಗೆ ಸಿಕ್ಕಿದ್ದು ವೇದಿಕೆಯ ಪಕ್ಕದ ಉಗ್ರಾಣ. ಅಕ್ಕಿ ಚೀಲದ ಮೇಲೆ ಡಬ್ಬಿ, ಟೊಮೆಟೊ ಕ್ರೇಟಿನ ಮೇಲೆ ಹುಡುಗಿ. ಐದು ನಿಮಿಷಕ್ಕೊಮ್ಮೆ ಅಡಿಗೆಯವರು ಬಂದು ಅವಳ ಕಾಲ ಹತ್ತಿರದಿಂದ ತೆಂಗಿನಕಾಯಿ ಆರಿಸಿಕೊಂಡು ಹೋಗುತ್ತಿದ್ದರು. ರೇಸ್ ಶುರುವಾಯಿತು. ಹನ್ನೆರಡು ಆಳುಗಳೂ ತಮ್ಮ ತಮ್ಮ ಹೊಲದಲ್ಲಿದ್ದರು. ಅಪ್ಪನ ಕ್ಯಾಮೆರಾದ ಚಿತ್ರವೂ ಚೆನ್ನ, ಮಗಳ ಕಾರೂ ಚೆನ್ನ. ಅವಳು ಎರಡನೇ ಸ್ಥಾನದಲ್ಲಿದ್ದಳು. ನಾನು ಮೀಸೆ ತಿರುವಿಕೊಂಡು ನಿಂತಿದ್ದೆ.

ಅಲ್ಲಿಯವರೆಗೆ ದೊಡ್ಡ ಪರದೆಯಲ್ಲಿ ಪರದೆಯವರ ಲ್ಯಾಪ್‌ಟಾಪಿನಿಂದ ವಧು-ವರರ ಫೋಟೋ ಬರುತ್ತಿದ್ದವು. ಹೊರಗಿನಿಂದ ಅಣ್ಣಾರು ಕೂಗಿದರು: "ತಾಳಿ ಹೊತ್ತಾತು, ಲೈವ್ ಕೊಡೋ!"

ಡಬ್ಬಿಯ ಹಿಂಭಾಗ ಗೋಡೆ ಕಡೆಗಿತ್ತು. ತಿರುಗಿಸಿ ನೋಡುವುದು ಕಲಿಯುವವರ ಕೆಲಸ. ನಾನು ಕೈ ಹಿಂದೆ ಹಾಕಿ, ತಡಕಾಡಿ, ಸಿಕ್ಕಿದ ಕಿಂಡಿಗೆ ಪರದೆಯ ಕೇಬಲ್ ಸಿಗಿಸಿದೆ.

ಹುಡುಗಿಯ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂತು. "ಅಣ್ಣಾ, ಏನ್ ಮುಟ್ಟಿದ್ರಿ!" ಕಾರು ಬೇಲಿಗೆ ಗುದ್ದಿ ಐದನೇ ಸ್ಥಾನಕ್ಕೆ ಬಿದ್ದಿತ್ತು. ಇನ್ನುಳಿದದ್ದು ಎರಡೇ ಸುತ್ತು.

ಹೊರಗೆ ಛತ್ರವೆಲ್ಲ "ಹೋ" ಎಂದಿತು. ಬಾಗಿಲಿನಿಂದ ಇಣುಕಿದೆ. ವೇದಿಕೆಯ ಪಕ್ಕದ ಆ ಮನೆಯಷ್ಟು ದೊಡ್ಡ ಪರದೆಯಲ್ಲಿ ವಧು ಇಲ್ಲ, ವರ ಇಲ್ಲ. ಕೆಂಪು ಕಾರು ಧೂಳೆಬ್ಬಿಸಿಕೊಂಡು ಹೋಗುತ್ತಿದೆ. ನಾನು ಕೇಬಲ್ ಸಿಗಿಸಿದ್ದು ಅಪ್ಪನ ಕಿಂಡಿಗಲ್ಲ, ಮಗಳ ಕಾರ್ಡಿನ ಕಿಂಡಿಗೆ.

ಅಣ್ಣಾರು ಓಡಿ ಬಂದರು, ಹಿಂದೆಯೇ ವರನ ಅಪ್ಪ. ನಾನು ಕೇಬಲ್ ಕೀಳಲು ಕೈ ಹಾಕಿದೆ.

ಅಣ್ಣಾರು ನನ್ನ ಕೈ ಹಿಡಿದರು. "ಕಿತ್ರೆ ಅವಳ ಸ್ಕ್ರೀನ್ ಮತ್ತೆ ಕಪ್ಪಾಗ್ತೈತಾ?"

"ಆಗ್ತೈತೆ ಅಣ್ಣಾರೇ."

ಅವರು ಮಗಳ ಕಡೆ ನೋಡಿದರು. ಅವಳು ಹಲ್ಲು ಕಚ್ಚಿಕೊಂಡು, ಕಣ್ಣೊರೆಸಲೂ ಕೈ ತೆಗೆಯದೆ ಆಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಒಂದು ತಾಳಿಯನ್ನೂ ತಪ್ಪಿಸದ ಮನುಷ್ಯ ಮೆಲ್ಲಗೆ ಹೇಳಿದರು: "ಬಿಡು. ಇರ್ಲಿ."

"ಏನ್ರೀ ಬಿಡೋದು?" ವರನ ಅಪ್ಪ ಕೆಂಡವಾದರು. "ಲಗ್ನದ ಮನ್ಯಾಗೆ ಇದೇನ್ರೀ ಕಾರು? ಯಾರ್ದಿದು?"

"ನನ್ನ ಮಗಳ್ದು ಯಜಮಾನ್ರೇ. ತಪ್ಪಾತು. ಎರಡು ಸುತ್ತು ಐತೆ. ಮೂರರೊಳಗೆ ಬಂದ್ರೆ ರಾಜ್ಯದ ತಂಡಕ್ಕೆ ಹೋಗ್ತಾಳೆ."

"ಈಗ ಎಷ್ಟನೇದು?"

"ಐದು."

ವರನ ಅಪ್ಪ ಸ್ಕ್ರೀನ್ ನೋಡಿದರು, ಹುಡುಗಿಯನ್ನು ನೋಡಿದರು, ಒಂದು ಕ್ರೇಟ್ ಎಳೆದುಕೊಂಡು ಕೂತರು. "ಆ ನೀಲಿದು ಅಡ್ಡ ಬರ್ತೈತೆ ನೋಡವ್ವಾ. ಎಡಕ್ಕೆ ಹಾಕು, ಎಡಕ್ಕೆ!"

ಹೊರಗೆ ನಮ್ಮ ಅಜ್ಜಿ ಮುಂದಿನ ಸಾಲಿನಲ್ಲಿ ಎದ್ದು ನಿಂತು ಇಡೀ ಛತ್ರಕ್ಕೆ ಸಾರುತ್ತಿದ್ದರು: "ಕೆಂಪುದು ನಮ್ಮ ಮೊಮ್ಮಗಳ್ದು! ಕೆಂಪುದು ನಮ್ದು!" ಅಷ್ಟು ಸಾಕಾಯಿತು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಲ್ಲ ಕೆಂಪಿನ ಕಡೆಯವರಾದರು. ನಾಲ್ಕನೇ ಸ್ಥಾನಕ್ಕೆ ಬಂದಾಗ ಅಡಿಗೆಯವರು ಸೌಟು ಹಿಡಿದುಕೊಂಡೇ ಓಡಿ ಬಂದರು. ವೇದಿಕೆಯ ಮೇಲೆ ಅಯ್ಯನವರು ಮಂತ್ರದ ನಡುವೆ ಕುತ್ತಿಗೆ ಉದ್ದ ಮಾಡಿ, "ಮುಹೂರ್ತ ಇನ್ನೂ ಹತ್ತು ನಿಮಿಷ ಐತೆ, ಅವಸರ ಇಲ್ಲ" ಎಂದು ಯಾರೂ ಕೇಳದಿದ್ದರೂ ಹೇಳಿದರು.

ಕೊನೆಯ ತಿರುವು. ಕಾರು ನಿಲ್ಲಲಿಲ್ಲ. ನೀಲಿ ಕಾರನ್ನು ಸವರಿಕೊಂಡು ಹೋಗಿ ಮೂರನೆಯದಾಗಿ ಗೆರೆ ದಾಟಿತು!

ಛತ್ರ ಹಾರಿ ಹೋಗುವಂತೆ ಕೂಗೆದ್ದಿತು. ಆ ಕೂಗು ಕೇಳಿ, ಪರದೆ ಕಾಣದ ಮೂಲೆಯಲ್ಲಿ ಕೂತಿದ್ದ ವಾಲಗದವರು ತಾಳಿಯೇ ಆಯಿತೆಂದು ಗಟ್ಟಿಮೇಳ ಹೊಡೆದರು. ಗಟ್ಟಿಮೇಳ ಕೇಳಿದ ಕೈ ಸುಮ್ಮನಿರುತ್ತದೆಯೇ? ಸಾವಿರ ಜನ ಒಮ್ಮೆಲೇ ಅಕ್ಷತೆ ಎಸೆದರು, ಎಲ್ಲವೂ ಪರದೆಗೆ, ಕೆಂಪು ಕಾರಿನ ಮೇಲೆ. ಉಗ್ರಾಣದಲ್ಲಿ ಅಪ್ಪ ಮಗಳು ಅಕ್ಕಿ ಚೀಲಕ್ಕೆ ಒರಗಿಕೊಂಡು ಅಳುತ್ತಿದ್ದರು. "ಕಾರ್ಡ್ ಅವಳ್ದೇ, ಯಾರೂ ಮುಟ್ಟಂಗಿಲ್ಲ" ಎಂದು ಅಣ್ಣಾರು ನನಗೇ ಬೈದರು.

ಸದ್ದು ಇಳಿದ ಮೇಲೆ ಎಲ್ಲರಿಗೂ ವೇದಿಕೆಯ ನೆನಪಾಯಿತು. ಅಲ್ಲಿ ವರ ಎರಡೂ ಕೈಯಲ್ಲಿ ತಾಳಿ ಹಿಡಿದುಕೊಂಡು, ಬಾಯಿ ತೆರೆದು, ಇನ್ನೂ ಪರದೆಯನ್ನೇ ನೋಡುತ್ತಾ ನಿಂತಿದ್ದ. ವಧು ತಗ್ಗಿಸಿದ್ದ ತಲೆ ಎತ್ತಿ, ಮೈಕ್ ಇದೆ ಎಂಬುದನ್ನೂ ಮರೆತು ಹೇಳಿದಳು:

"ರೀ, ಆ ಹುಡುಗಿ ಗೆದ್ದಾಯ್ತು. ಈಗಾದ್ರೂ ಕಟ್ರಿ, ಕತ್ತು ನೋಯ್ತೈತೆ!"